ಹೊಗೆಬಂಡಿಯ ನೆನಪು: ನೋಡಿದವರದು, ದುಡಿದವರದು

ರೈಲು ಕೂಗಿತೆಂದರೆ ಒಲೆಯ ಮೇಲೆ ಅನ್ನಕ್ಕಿಡುವ ಹೊತ್ತು. ಮತ್ತೊಮ್ಮೆ ಕೂಗಿತೆಂದರೆ ದನಕರು ಕೊಟ್ಟಿಗೆಗೆ ಬರುವ ಹೊತ್ತು. ಕೈಗಡಿಯಾರ ಎಲ್ಲರ ಮನೆಗೂ ಬರುವ ಮುನ್ನ ಹಳಿಯ ಪಕ್ಕದ ಊರುಗಳಲ್ಲಿ ದಿನದ ಲೆಕ್ಕ ನಡೆಯುತ್ತಿದ್ದುದು ಹೀಗೆ. ಬೀರೂರು, ಅರಸೀಕೆರೆ, ಮದ್ದೂರು, ಹರಿಹರದಂಥ ಊರುಗಳಲ್ಲಿ ಸಂಜೆ ಸ್ಟೇಷನ್ ಕಡೆ ಕಾಲು ಹಾಕುವುದೇ ಒಂದು ಕಾಲಕ್ಷೇಪ. ಯಾರನ್ನೂ ಕರೆತರಬೇಕಾಗಿಲ್ಲ, ಯಾರನ್ನೂ ಕಳುಹಿಸಬೇಕಾಗಿಲ್ಲ. ಆದರೂ ರೈಲು ಬರುವುದನ್ನು ನೋಡಬೇಕು. ಪತ್ರಿಕೆಯ ಕಟ್ಟು ಇಳಿಯುತ್ತಿದ್ದುದು ಅದರಿಂದಲೇ, ಕಾಗದದ ಚೀಲ ಇಳಿಯುತ್ತಿದ್ದುದೂ ಅದರಿಂದಲೇ. ವರ್ಗವಾಗಿ ಬಂದ ಹೊಸ ಮೇಷ್ಟರ ಟ್ರಂಕನ್ನು ಊರು ಮೊದಲು ನೋಡುತ್ತಿದ್ದುದೂ ಅಲ್ಲಿಯೇ.

ಆ ಕಾಲ ಮುಗಿದು ಹಲವು ದಶಕಗಳಾದವು. ಈ ಲೇಖಕನ ಪೀಳಿಗೆಯವರು ಉಗಿ ಎಂಜಿನ್ ನೋಡಿದ್ದರೆ ಅದು ಸಂಗ್ರಹಾಲಯದ ಅಂಗಳದಲ್ಲಿ, ಬಣ್ಣ ಬಳಿಸಿಕೊಂಡು ತಣ್ಣಗೆ ನಿಂತಿರುವುದನ್ನು ಮಾತ್ರ. ಹಿರಿಯರಿಗೆ ಮಾತ್ರ ಆ ಮಾತು ಬಂದರೆ ಸಾಕು, ಮುಖ ಅರಳುತ್ತದೆ. ಆ ಕೂಗು, ಆ ಹೊಗೆ, ಕಿಟಕಿಯಿಂದ ತಲೆ ಹೊರಹಾಕಿದರೆ ಕಣ್ಣಿಗೆ ಬೀಳುತ್ತಿದ್ದ ಕಲ್ಲಿದ್ದಲ ಕಣ, ಊರು ತಲುಪುವ ಹೊತ್ತಿಗೆ ಮಸಿಯಾಗಿರುತ್ತಿದ್ದ ಬಿಳಿ ಅಂಗಿ, ಎಲ್ಲವೂ ಈಗ ಸಿಹಿ ನೆನಪು.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ರೈಲಿಗೂ ಸಲ್ಲುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದವರ ರೈಲು ಒಂದು; ಎಂಜಿನ್ನಿನ ಮೇಲೆ ನಿಂತು ದುಡಿದವರ ರೈಲು ಇನ್ನೊಂದು. ನಮ್ಮ ಹಂಬಲದಲ್ಲಿ ಮೊದಲನೆಯದು ಉಳಿದುಕೊಂಡಿದೆ. ಎರಡನೆಯದು ಅದನ್ನು ಬಲ್ಲವರೊಡನೆ ಸದ್ದಿಲ್ಲದೆ ಮರೆಯಾಗುತ್ತಿದೆ.

ಬರಗಾಲ ಹಾಕಿದ ಹಳಿ

ಕನ್ನಡ ನಾಡಿಗೆ ರೈಲು ಮೊದಲು ಬಂದದ್ದು ಮದರಾಸಿನ ಕಡೆಯಿಂದ. ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ 1864ರಲ್ಲಿ ಬ್ರಾಡ್‌ಗೇಜ್ ಹಳಿ ಬಂತು. ಅದು ದಂಡಿನ ಅನುಕೂಲ ನೋಡಿ ಬಂದ ರೈಲು. ನಾಡಿನ ಒಳಕ್ಕೆ ರೈಲನ್ನು ಎಳೆದು ತಂದದ್ದು ಮಾತ್ರ ಒಂದು ದೊಡ್ಡ ದುರಂತ.

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರ ಬರಗಾಲ ಕಾಡಿತು. ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತೆಂಬ ಅಂದಾಜಿದೆ. ಹೊರಗಿನಿಂದ ಧಾನ್ಯ ಬಂದು ಬೆಂಗಳೂರಿನಲ್ಲಿ ರಾಶಿ ಬಿದ್ದರೂ ಅದನ್ನು ಹಳ್ಳಿಗಾಡಿಗೆ ಸಾಗಿಸಬೇಕಾದದ್ದು ಎತ್ತಿನ ಗಾಡಿಗಳು. ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದಾಗ ಗಾಡಿ ಎಳೆಯುವವರು ಯಾರು? ರೈಲು ಇದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂಬ ಅರಿವು ಆಳುವವರಿಗೆ ಬಂದದ್ದು ಆಗ. ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿಯೇ ಬೆಂಗಳೂರು-ಮೈಸೂರು ಹಳಿಯ ಮಣ್ಣಿನ ಕೆಲಸ ಆರಂಭವಾಯಿತು. 1881ರಲ್ಲಿ ಚನ್ನಪಟ್ಟಣದವರೆಗೆ ರೈಲು ಓಡಿತು. 1882ರಲ್ಲಿ ಮೈಸೂರು ಮುಟ್ಟಿತು. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲ ಅದು.

ಈ ಹಳಿ ಮೀಟರ್‌ಗೇಜ್. ಎರಡು ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬ್ರಾಡ್‌ಗೇಜ್‌ನಲ್ಲಿ ಅದು 1676 ಮಿಲಿಮೀಟರ್. ಖರ್ಚು ಕಡಿಮೆ ಎಂಬುದೇ ಈ ಆಯ್ಕೆಗೆ ಕಾರಣ. ಹಳಿ ಕಿರಿದಾದರೆ ಸೇತುವೆ ಹಗುರ, ತಿರುವು ಸುಲಭ, ಎಂಜಿನ್ ಚಿಕ್ಕದು. 1886ರಲ್ಲಿ ಈ ಮಾರ್ಗದ ಆಡಳಿತ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. ಧಾರವಾಡ ಆ ಕಂಪನಿಯ ಕೇಂದ್ರವಾಯಿತು, ಹುಬ್ಬಳ್ಳಿ ಅದರ ಕಾರ್ಯಾಗಾರದ ಊರಾಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಹೋಯಿತು. ಸಂಸ್ಥಾನ 1919ರಿಂದ ತನ್ನ ಮಾರ್ಗಗಳನ್ನು ಹಂತಹಂತವಾಗಿ ಹಿಂಪಡೆದು, 1938ರ ಹೊತ್ತಿಗೆ ಎಲ್ಲವನ್ನೂ ತಾನೇ ನಡೆಸತೊಡಗಿತು. ಕೊನೆಗೆ 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು.

ಹೀಗೆ ನೂರು ವರ್ಷಕ್ಕೂ ಮಿಕ್ಕು ನಮ್ಮ ನಾಡಿನ ಒಳಭಾಗದ ರೈಲೆಂದರೆ ಮೀಟರ್‌ಗೇಜ್, ಮೀಟರ್‌ಗೇಜ್ ಎಂದರೆ ಬಹುಕಾಲ ಉಗಿ ಎಂಜಿನ್. ನಮ್ಮ ಹಿರಿಯರ ನೆನಪಿನ ರೈಲು ಇದೇ.

ಚುಕುಬುಕು ಲೆಕ್ಕ

ಮಕ್ಕಳ ಬಾಯಲ್ಲಿ ರೈಲಿನ ಹೆಸರೇ ಚುಕುಬುಕು. ಈ ಸದ್ದು ಎಲ್ಲಿಂದ ಬಂತು? ಎಂಜಿನ್ನಿನ ಎರಡು ಪಕ್ಕದಲ್ಲಿ ಒಂದೊಂದು ಸಿಲಿಂಡರ್. ಒಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್. ಉಗಿ ಒಮ್ಮೆ ಪಿಸ್ಟನ್ನಿನ ಈ ಕಡೆಯಿಂದ, ಇನ್ನೊಮ್ಮೆ ಆ ಕಡೆಯಿಂದ ತಳ್ಳುತ್ತದೆ. ಕೆಲಸ ಮುಗಿಸಿದ ಉಗಿ ಪ್ರತಿ ಸಲವೂ ಚಿಮಣಿಯಿಂದ ಭುಸ್ಸೆಂದು ಹೊರಬರುತ್ತದೆ. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಒಟ್ಟು ನಾಲ್ಕು ಸಲ ಈ ಸದ್ದು. ಚು-ಕು-ಬು-ಕು ಎಂಬ ನಾಲ್ಕು ಅಕ್ಷರಗಳನ್ನು ಜೋಡಿಸಿದವರು ಯಾರೋ ತಿಳಿಯದು, ಕಿವಿ ಮಾತ್ರ ಚುರುಕಾಗಿದ್ದಿರಬೇಕು.

ಸ್ವಾತಂತ್ರ್ಯಾನಂತರ ನಮ್ಮ ಮೀಟರ್‌ಗೇಜ್ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದವು ಎರಡು ಬಗೆಯ ಎಂಜಿನ್‌ಗಳು. ಪ್ರಯಾಣಿಕರ ಗಾಡಿಗೆ ವೈಪಿ, ಸರಕಿನ ಗಾಡಿಗೆ ವೈಜಿ. ವೈಪಿಯ ಚಾಲಕ ಚಕ್ರದ ವ್ಯಾಸ 1372 ಮಿಲಿಮೀಟರ್, ವೈಜಿಯದು 1219 ಮಿಲಿಮೀಟರ್. ದೊಡ್ಡ ಚಕ್ರ ವೇಗಕ್ಕೆ, ಚಿಕ್ಕ ಚಕ್ರ ಎಳೆತಕ್ಕೆ. ವೈಪಿಯ ಚಕ್ರ ಒಂದು ಸುತ್ತಿಗೆ ಸುಮಾರು 4.3 ಮೀಟರ್ ಸಾಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಎರಡೂವರೆ ಸಲ ಭುಸ್ ಎನ್ನುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 15 ದಾಟುತ್ತದೆ. ಆಗ ಸದ್ದುಗಳು ಬೇರೆಬೇರೆಯಾಗಿ ಕೇಳುವುದಿಲ್ಲ, ಒಂದೇ ಮೊರೆತ. ಎಂದರೆ ಚುಕುಬುಕು ಎಂಬುದು ಓಡುವ ರೈಲಿನ ಸದ್ದಲ್ಲ, ಸ್ಟೇಷನ್ ಬಿಡುವ ರೈಲಿನ ಸದ್ದು. ಪ್ಲಾಟ್‌ಫಾರಂ ಮೇಲೆ ನಿಂತು ಕೈಬೀಸಿದವರು ಕೇಳಿಸಿಕೊಂಡ ಸದ್ದು!

ಗಾಡಿಯ ಒಳಗೆ ಕುಳಿತವರಿಗೆ ಬೇರೆಯೇ ತಾಳ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಹಳಿಯ ತುಂಡುಗಳ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಚಕ್ರ ಆ ಸಂದು ದಾಟುವಾಗಲೆಲ್ಲ ಗಡಕ್ ಎನ್ನುತ್ತಿತ್ತು. ಹಳಿಯ ತುಂಡು 12 ಮೀಟರ್ ಇದ್ದರೆ, 43 ಸೆಕೆಂಡಿನಲ್ಲಿ ಎಷ್ಟು ಸಲ ಗಡಕ್ ಎನ್ನುತ್ತದೆಯೋ ರೈಲಿನ ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್. ರೈಲಿನ ಹುಚ್ಚು ಹತ್ತಿದ ಹುಡುಗರಿಗೆ ಈ ಲೆಕ್ಕ ಒಂದು ಆಟ. ಹಳಿಗಳನ್ನು ಉದ್ದಕ್ಕೂ ಬೆಸೆಯುವ ಪದ್ಧತಿ ಬಂದಮೇಲೆ ಆ ತಾಳವೂ ನಿಂತಿತು.

ಎಂಜಿನ್ನಿಗೆ ಕಲ್ಲಿದ್ದಲಷ್ಟೇ ನೀರೂ ಬೇಕು. ಆದ್ದರಿಂದ ಅದು ದಾರಿಯಲ್ಲಿ ಅಲ್ಲಲ್ಲಿ ನಿಂತು ನೀರು ಕುಡಿಯಬೇಕಿತ್ತು. ನಿಂತ ಕಡೆ ಪ್ರಯಾಣಿಕರಿಗೆ ಹಸಿವು, ಹಸಿವಿದ್ದ ಕಡೆ ವ್ಯಾಪಾರ. ಬೆಂಗಳೂರು-ಮೈಸೂರು ನಡುವಿನ ಮದ್ದೂರಿನ ವಡೆ ನಾಡಿಗೆಲ್ಲ ಹೆಸರಾದದ್ದು ಇಂಥ ಒಂದು ಸ್ಟೇಷನ್ನಿನಲ್ಲಿ. 1917ರಲ್ಲಿ ರೈಲು ಬಂದುಬಿಟ್ಟಿದೆಯೆಂಬ ಅವಸರದಲ್ಲಿ ಪಕೋಡದ ಹಿಟ್ಟನ್ನು ತಟ್ಟಿ ಕರಿದದ್ದೇ ಈ ವಡೆಯಾಯಿತು ಎಂಬ ಕತೆ ಮದ್ದೂರಿನಲ್ಲಿ ಪ್ರಚಲಿತ. ಕತೆ ಹೇಗೇ ಇರಲಿ, ರೈಲು ನಿಲ್ಲದ ಊರಿನಲ್ಲಿ ಇಂಥ ವಡೆ ಹುಟ್ಟುತ್ತಿರಲಿಲ್ಲ ಎಂಬುದಂತೂ ನಿಜ.

ಕೈಮರ ಮತ್ತು ಚೆಂಡು

ನೋಡುವವರಿಗೆ ರೈಲು ಬರುವ ಸೂಚನೆ ಕೊಡುತ್ತಿದ್ದುದು ಕೈಮರ. ಎತ್ತರದ ಕಂಬ, ಅದಕ್ಕೊಂದು ಕೆಂಪು ಬಣ್ಣದ ತೋಳು. ತೋಳು ನೆಟ್ಟಗೆ ಚಾಚಿಕೊಂಡಿದ್ದರೆ ನಿಲ್ಲು. ಕೆಳಕ್ಕೆ ವಾಲಿದರೆ ಬಾ. ಕೈ ಬಿತ್ತು ಎಂದು ಯಾರಾದರೂ ಕೂಗಿದರೆ ಪ್ಲಾಟ್‌ಫಾರಂ ಎಲ್ಲ ಒಮ್ಮೆಲೇ ಎದ್ದು ನಿಲ್ಲುತ್ತಿತ್ತು. ಆ ಕೈ ತಾನಾಗಿ ಬೀಳುತ್ತಿರಲಿಲ್ಲ. ದೂರದ ಲಿವರನ್ನು ಮೈಭಾರವೆಲ್ಲ ಹಾಕಿ ಎಳೆಯುವ ಒಬ್ಬನಿದ್ದ. ಹಳಿಯ ಪಕ್ಕದಲ್ಲಿ ರಾಟೆಗಳ ಮೇಲೆ ಹರಿದುಹೋದ ತಂತಿ ಅವನ ತೋಳಿನ ಬಲವನ್ನು ಕಂಬಕ್ಕೆ ಮುಟ್ಟಿಸುತ್ತಿತ್ತು. ರಾತ್ರಿ ಆ ಕೈ ಕಾಣಬೇಕಾದರೆ ಅದರ ಕೆಂಪು-ಹಸಿರು ಗಾಜಿನ ಹಿಂದೆ ಸೀಮೆಎಣ್ಣೆ ದೀಪ ಉರಿಯಬೇಕು. ಮಳೆಯಿರಲಿ, ಗಾಳಿಯಿರಲಿ, ದೀಪದವನು ಕಂಬ ಹತ್ತಿ ಅದನ್ನು ಇಟ್ಟು ಬರಬೇಕು.

ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಎರಡು ರೈಲು ಬಂದರೆ ಗತಿ? ಅದಕ್ಕಿದ್ದ ಉಪಾಯ ಒಂದು ಲೋಹದ ಚೆಂಡು. ಪಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ತಂತಿಯಿಂದ ಕೂಡಿಸಿದ ಎರಡು ಯಂತ್ರಗಳು. ಆಚೆಯ ಸ್ಟೇಷನ್ ಮಾಸ್ತರರು ಒಪ್ಪಿಗೆ ಕೊಟ್ಟರಷ್ಟೇ ಈಚೆಯ ಯಂತ್ರದಿಂದ ಒಂದು ಚೆಂಡು ಹೊರಬೀಳುತ್ತದೆ. ಆ ಚೆಂಡು ಎರಡರಲ್ಲಿ ಒಂದು ಯಂತ್ರಕ್ಕೆ ಮರಳಿ ಸೇರುವತನಕ ಇನ್ನೊಂದು ಚೆಂಡು ಸಿಗುವುದಿಲ್ಲ. ಚೆಂಡು ಯಾವ ಡ್ರೈವರನ ಬಳಿ ಇದೆಯೋ ಆ ಹಳಿ ಅಷ್ಟು ಹೊತ್ತು ಅವನದು. ಗಣಕಯಂತ್ರ ಇಲ್ಲದ ಕಾಲದಲ್ಲಿ ಸಾವಿರಾರು ಜೀವಗಳನ್ನು ಕಾಯುತ್ತಿದ್ದ ಸರಳ ಯುಕ್ತಿ ಇದು.

ಚೆಂಡನ್ನು ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಕೊಡುತ್ತಿದ್ದರು. ನಿಲ್ಲದೆ ಹಾದುಹೋಗುವ ರೈಲಾದರೆ ಫೈರ್‌ಮ್ಯಾನ್ ಎಂಜಿನ್ನಿನಿಂದ ಬಾಗಿ, ತೋಳು ಚಾಚಿ, ಆ ಬಳೆಯನ್ನು ಓಟದಲ್ಲೇ ಸಿಕ್ಕಿಸಿಕೊಳ್ಳಬೇಕು. ಹಿಂದಿನದನ್ನು ಕೆಳಕ್ಕೆ ಎಸೆಯಬೇಕು. ನೋಡುವ ಹುಡುಗರಿಗೆ ಅದು ಸರ್ಕಸ್ಸು. ಬಳೆಯನ್ನು ಹಿಡಿದ ತೋಳಿಗೆ ಮಾತ್ರ ಪ್ರತಿ ಸಲವೂ ಏಟು.

ಟಿಕೆಟ್ಟಿಗೂ ಒಂದು ಕತೆಯಿದೆ. ಬೆರಳುದ್ದದ ಗಟ್ಟಿ ರಟ್ಟು, ಅದಕ್ಕೊಂದು ಕ್ರಮಸಂಖ್ಯೆ, ಕಿಟಕಿಯೊಳಗೆ ಟಕ್ ಎಂದು ತಾರೀಖು ಒತ್ತುವ ಯಂತ್ರ. ಇದನ್ನು ರೂಪಿಸಿದ ಥಾಮಸ್ ಎಡ್ಮಂಡ್‌ಸನ್ ಪೀಠೋಪಕರಣದ ಕಸುಬಿನಲ್ಲಿ ದಿವಾಳಿಯಾಗಿ 1830ರ ದಶಕದಲ್ಲಿ ಇಂಗ್ಲೆಂಡಿನ ಪುಟ್ಟ ಸ್ಟೇಷನ್ನೊಂದಕ್ಕೆ ಮಾಸ್ತರನಾಗಿ ಸೇರಿದ ಮನುಷ್ಯ. ಪ್ರತಿ ಪ್ರಯಾಣಿಕನಿಗೂ ಕೈಯಲ್ಲಿ ಚೀಟಿ ಬರೆದು ಬರೆದು ಬೇಸತ್ತು ಈ ರಟ್ಟಿನ ಟಿಕೆಟ್ ಕಂಡುಹಿಡಿದ. ಒಂದೂವರೆ ಶತಮಾನ ಜಗತ್ತಿನಾದ್ಯಂತ ಮಕ್ಕಳು ಅದನ್ನು ಬೆಂಕಿಪೊಟ್ಟಣದ ಚಿತ್ರದಂತೆ ಕೂಡಿಟ್ಟುಕೊಂಡರು.

ಉರಿಯ ಮುಂದೆ

ಈಗ ಎಂಜಿನ್ನಿನ ಮೇಲೆ ಹತ್ತಿ ನೋಡೋಣ. ಉಗಿ ಎಂಜಿನ್ ಗುಂಡಿ ಒತ್ತಿದರೆ ಹೊರಡುವಂಥದ್ದಲ್ಲ. ತಣ್ಣಗಿದ್ದ ಎಂಜಿನ್ನಿಗೆ ಬೆಂಕಿಯಿಟ್ಟು ಉಗಿ ಏರಿಸಲು ಹಲವು ಗಂಟೆ ಬೇಕು. ರೈಲು ಮುಂಜಾನೆ ಹೊರಡಬೇಕಾದರೆ ಲೋಕೋ ಶೆಡ್ಡಿನಲ್ಲಿ ನಡುರಾತ್ರಿಯೇ ಕೆಲಸ. ಕಾಲ್ ಬಾಯ್ ಎಂಬ ಆಳು ದಫ್ತರ ಹಿಡಿದು ರೈಲ್ವೆ ಕಾಲನಿಯ ಮನೆಮನೆ ಬಾಗಿಲು ಬಡಿದು ಡ್ರೈವರ್, ಫೈರ್‌ಮ್ಯಾನ್‌ಗಳನ್ನು ಎಬ್ಬಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದ. ಆ ಮನೆಗಳ ಹೆಂಗಸರಿಗೂ ಮಕ್ಕಳಿಗೂ ಅಪರಾತ್ರಿಯ ಆ ಬಡಿತ ಅಭ್ಯಾಸವಾಗಿರಬೇಕು.

ಎಂಜಿನ್ನಿನ ಮೇಲೆ ಡ್ರೈವರ್ ಜೊತೆ ಇಬ್ಬರು ಫೈರ್‌ಮ್ಯಾನ್‌ಗಳು. ಎರಡನೆಯ ಫೈರ್‌ಮ್ಯಾನ್ ಟೆಂಡರಿನಲ್ಲಿ ನಿಂತು ಕಲ್ಲಿದ್ದಲ ಹೆಂಟೆ ಒಡೆದು ಮುಂದಕ್ಕೆ ತಳ್ಳುತ್ತಾನೆ. ಮೊದಲನೆಯವನು ಸಲಿಕೆಯಿಂದ ಉರಿಗೆ ಎಸೆಯುತ್ತಾನೆ. ಸುಮ್ಮನೆ ಎಸೆದರಾಗದು. ಒಲೆಯ ನಾಲ್ಕೂ ಮೂಲೆಗೆ ತೆಳ್ಳಗೆ, ಸಮನಾಗಿ ಹರಡಬೇಕು. ಒಂದೇ ಕಡೆ ರಾಶಿ ಬಿದ್ದರೆ ಉರಿ ಸತ್ತು ಕಪ್ಪು ಹೊಗೆ ಬರುತ್ತದೆ. ಪ್ಲಾಟ್‌ಫಾರಂ ಮೇಲಿನವರು ಬೆರಗಾಗಿ ನೋಡುತ್ತಿದ್ದ ಆ ದಟ್ಟ ಕರಿ ಹೊಗೆ, ಕಸುಬು ಬಲ್ಲವರ ಕಣ್ಣಿಗೆ ವ್ಯರ್ಥವಾದ ಕಲ್ಲಿದ್ದಲು.

ವೈಪಿ, ವೈಜಿ ಎಂಜಿನ್‌ಗಳ ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಒಳಗೆ ನೀರಿನ ಮಟ್ಟ ಎಷ್ಟಿದೆಯೆಂದು ಒಂದು ಗಾಜಿನ ಕೊಳವೆ ತೋರಿಸುತ್ತದೆ. ಅದರ ಮೇಲೆ ಸದಾ ಒಂದು ಕಣ್ಣಿರಬೇಕು. ನೀರು ಇಳಿದು ಒಲೆಯ ಮೇಲ್ಛಾವಣಿ ಬರಿದಾದರೆ ಅದು ಕಾದು ಕುಸಿದು ಬಾಯ್ಲರೇ ಸಿಡಿಯಬಹುದು. ಅದಕ್ಕೆ ಮುನ್ನ ಎಚ್ಚರಿಸಲೆಂದು ಕರಗುವ ಸೀಸದ ಬಿರಡೆಯೊಂದನ್ನು ಇಟ್ಟಿರುತ್ತಿದ್ದರು. ಮುಂದೆ ಉರಿಯ ಝಳ, ಹಿಂದೆ ಬಯಲ ಗಾಳಿ. ಬೇಸಿಗೆಯಲ್ಲಿ ಬಳ್ಳಾರಿ-ರಾಯಚೂರಿನ ಬಿಸಿಲೂ ಇದಕ್ಕೆ ಸೇರಿದರೆ ಆ ಕಬ್ಬಿಣದ ಗೂಡು ಹೇಗಿದ್ದೀತು, ಊಹಿಸಬಹುದು.

ಘಟ್ಟದ ಮಾರ್ಗ ಇನ್ನೂ ಕಠಿಣ. ಗೋವಾದ ಮುರಗಾಂವ್ ಬಂದರಿನಿಂದ ಬಂದ ಮೀಟರ್‌ಗೇಜ್ ಹಳಿ 1888ರಲ್ಲಿ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಭಾರತದ ಹಳಿಯನ್ನು ಕೂಡಿಕೊಂಡಿತು. ಆ ಘಟ್ಟದಲ್ಲಿ 37 ಅಡಿಗೆ ಒಂದು ಅಡಿಯ ಏರು. ರೈಲಿಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳೂ ಬೇಕು. ಕಿಟಕಿಯ ಪಕ್ಕದ ಪ್ರಯಾಣಿಕರು ದೂಧಸಾಗರದ ಧಾರೆಯನ್ನು ಕಣ್ಣು ತುಂಬಿಕೊಳ್ಳುತ್ತಿದ್ದರು. ಹಿಂದಿನ ಎಂಜಿನ್ನಿನವರಿಗಾದರೋ ಸುರಂಗದೊಳಗೆ ಮುಂದಿನ ಎಂಜಿನ್ನಿನ ಹೊಗೆಯನ್ನೂ ತಮ್ಮ ಎಂಜಿನ್ನಿನ ಹೊಗೆಯನ್ನೂ ಒಟ್ಟಿಗೆ ಕುಡಿಯುವ ಪಾಡು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಬೆಳಕು ಕಾಣುವತನಕ ಉಸಿರು ಬಿಗಿಹಿಡಿಯಬೇಕು. ಒಂದೇ ಕ್ಷಣ, ಒಂದೇ ರೈಲು. ಆದರೆ ಎರಡು ಲೋಕ.

ಎಂಜಿನ್ ತೊಳೆಯುವ ಕ್ಲೀನರನಾಗಿ ಸೇರಿ, ಫೈರ್‌ಮ್ಯಾನ್ ಆಗಿ, ಶಂಟರ್ ಆಗಿ, ಸರಕು ಗಾಡಿಯ ಡ್ರೈವರ್ ಆಗಿ, ಕೊನೆಗೆ ಮೇಲ್ ಗಾಡಿಯ ರೆಗ್ಯುಲೇಟರ್ ಹಿಡಿಯುವ ಹೊತ್ತಿಗೆ ಕೂದಲು ನೆರೆತಿರುತ್ತಿತ್ತು. ಬ್ರಿಟಿಷರ ಕಾಲದಲ್ಲಂತೂ ಮೇಲಿನ ಮೆಟ್ಟಿಲುಗಳು ಬಹುಪಾಲು ಐರೋಪ್ಯರಿಗೂ ಆಂಗ್ಲೋ-ಇಂಡಿಯನ್ನರಿಗೂ ಮೀಸಲು. ಆದರೂ ಈ ಕಸುಬಿನಲ್ಲಿ ಒಂದು ಹೆಮ್ಮೆಯಿತ್ತು. ಪ್ರತಿ ಎಂಜಿನ್ನಿಗೂ ತನ್ನದೇ ಸ್ವಭಾವ. ಯಾವುದು ಏರಿನಲ್ಲಿ ಮುನಿಸಿಕೊಳ್ಳುತ್ತದೆ, ಯಾವುದಕ್ಕೆ ಯಾವ ಮೂಲೆಯಲ್ಲಿ ಉರಿ ಬೇಕು ಎಂಬುದನ್ನು ಕೈಯೂ ಕಿವಿಯೂ ಕಲಿಯಬೇಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಳಬನಿಂದ ಹೊಸಬನಿಗೆ ದಾಟುತ್ತಿದ್ದ ವಿದ್ಯೆ.

ಮುಷ್ಕರದ ನೆನಪು

ಈ ದುಡಿಮೆಗೆ ಹೊತ್ತು ಗೊತ್ತು ಇರಲಿಲ್ಲ ಎಂಬುದೇ ದೊಡ್ಡ ನೋವು. ಸರಕು ಗಾಡಿ ಹತ್ತಿದವನು ಎಷ್ಟು ಗಂಟೆಗೆ ಇಳಿದಾನು ಎಂದು ಯಾರೂ ಹೇಳುವಂತಿರಲಿಲ್ಲ. ಮೇಲ್ ಗಾಡಿಗೆ ದಾರಿ ಬಿಡಲು ಲೂಪ್ ಹಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಉರಿ ಆರದಂತೆ ಆಗಲೂ ನೋಡಿಕೊಳ್ಳಬೇಕು. 12, 14 ಗಂಟೆ ದಾಟಿದ ದಿನಗಳು ಅಪರೂಪವಲ್ಲ. ದುಡಿಮೆಯ ಅವಧಿಗೆ ಮಿತಿ ಬೇಕೆಂದು ಎಂಜಿನ್ ಸಿಬ್ಬಂದಿ ನಡೆಸಿದ ಹೋರಾಟದ ಫಲವಾಗಿ 1973ರ ಆಗಸ್ಟ್‌ನಲ್ಲಿ ಸರಕಾರ 10 ಗಂಟೆಯ ಮಿತಿಗೆ ಒಪ್ಪಿತು. ಒಪ್ಪಿದ್ದು ಹಳಿಯ ಮೇಲೆ ಇಳಿಯಲಿಲ್ಲ ಎಂಬ ಅಸಮಾಧಾನ ಉಳಿಯಿತು.

ಮರುವರ್ಷ ಅದು ದೇಶವ್ಯಾಪಿಯಾಗಿ ಸ್ಫೋಟಿಸಿತು. 1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಭಾಗಿಯಾದರೆಂದು ಲೆಕ್ಕ. ಅದರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವೇತನ, ಬೋನಸ್, ಎಂಟು ಗಂಟೆಯ ದುಡಿಮೆ ಮುಖ್ಯ ಬೇಡಿಕೆಗಳು. ಸರಕಾರ ಕಠಿಣ ಕ್ರಮಕ್ಕಿಳಿಯಿತು. ಸಾವಿರಾರು ಮಂದಿಯ ಬಂಧನವಾಯಿತು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ರೈಲ್ವೆ ಕಾಲನಿಗಳಲ್ಲಿ ಮನೆಯಿಂದ ಹೊರಬಿದ್ದ ಸಂಸಾರಗಳಿದ್ದವು. 1977ರಲ್ಲಿ ಜನತಾ ಸರಕಾರ ಬಂದ ಮೇಲೆ ವಜಾಗೊಂಡವರನ್ನು ಮರಳಿ ಸೇರಿಸಿಕೊಳ್ಳಲಾಯಿತು. ಅದೇ ಫರ್ನಾಂಡಿಸ್ 1989ರಲ್ಲಿ ರೈಲ್ವೆ ಸಚಿವರಾದದ್ದು, ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟದ್ದು ನಂತರದ ಮಾತು.

ಹೊಗೆಬಂಡಿಯ ಸವಿನೆನಪಿನ ಲೇಖನಗಳಲ್ಲಿ ಈ 20 ದಿನಗಳು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಅವೂ ಅದೇ ಎಂಜಿನ್‌ಗಳ, ಅದೇ ದಶಕಗಳ ಕತೆಯೇ.

ಹಂಬಲ ಹುಟ್ಟಿದ ಬಗೆ

ಒಂದು ವಸ್ತು ಕಣ್ಮರೆಯಾಗುವ ಸೂಚನೆ ಸಿಕ್ಕಾಗಲೇ ಅದರ ಮೇಲೆ ಹಂಬಲ ಹೆಚ್ಚುವುದು. ಇಂಗ್ಲೆಂಡಿನಲ್ಲಿ ರೈಲು ನೋಡುವ ಹವ್ಯಾಸಕ್ಕೆ ರೂಪ ಕೊಟ್ಟವನು ಇಯಾನ್ ಅಲನ್. ಲಂಡನ್ನಿನ ವಾಟರ್‌ಲೂ ರೈಲ್ವೆ ಕಚೇರಿಯಲ್ಲಿದ್ದ ಈ 20ರ ತರುಣ 1942ರಲ್ಲಿ ಎಂಜಿನ್‌ಗಳ ಸಂಖ್ಯೆಗಳ ಕಿರುಪುಸ್ತಕ ಹೊರತಂದ. ಹುಡುಗರು ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಕಂಡ ಎಂಜಿನ್ನಿನ ಸಂಖ್ಯೆಗೆ ಗೆರೆ ಎಳೆಯತೊಡಗಿದರು. 1968ರ ಆಗಸ್ಟ್ 11ರಂದು ಅಲ್ಲಿನ ಮುಖ್ಯ ಮಾರ್ಗಗಳ ಉಗಿಯುಗ ಮುಗಿಯಿತು. ಆಮೇಲೆ ಅಲ್ಲಿನ ಹವ್ಯಾಸಿಗಳ ಕಣ್ಣು ಬಿದ್ದದ್ದು ಭಾರತದ ಮೇಲೆ. ನಮಗೆ ನಿತ್ಯದ ರಗಳೆಯಾಗಿದ್ದ ಹೊಗೆಬಂಡಿಯ ಚಿತ್ರ ತೆಗೆಯಲು ಅವರು ಸಮುದ್ರ ದಾಟಿ ಬಂದರು.

ನಮ್ಮಲ್ಲಿ ಚಿತ್ತರಂಜನ್ ಕಾರ್ಖಾನೆ ಬ್ರಾಡ್‌ಗೇಜ್‌ನ ಕೊನೆಯ ಉಗಿ ಎಂಜಿನ್ ತಯಾರಿಸಿದ್ದು 1970ರಲ್ಲಿ, ಮೀಟರ್‌ಗೇಜ್‌ನ ಕೊನೆಯದನ್ನು 1972ರಲ್ಲಿ. ಬ್ರಾಡ್‌ಗೇಜ್‌ನಲ್ಲಿ ಉಗಿಯ ದಿನನಿತ್ಯದ ಓಡಾಟ 1995ರಲ್ಲಿ ನಿಂತಿತು. ಇತ್ತ 1992ರಲ್ಲಿ ಬಂದ ಏಕಗೇಜ್ ಯೋಜನೆ ಮೀಟರ್‌ಗೇಜ್‌ಗೆ ಮಂಗಳ ಹಾಡಿತು. 1990ರ ದಶಕದಲ್ಲಿ ಬೆಂಗಳೂರು-ಮೈಸೂರು, ಬೆಂಗಳೂರು-ಹುಬ್ಬಳ್ಳಿ ಮಾರ್ಗಗಳು ಅಗಲವಾದವು.

ಇದರಿಂದ ಲಾಭವಾಗಲಿಲ್ಲವೆಂದು ಯಾರೂ ಹೇಳಲಾರರು. ಮೀಟರ್‌ಗೇಜ್ ಕಾಲದಲ್ಲಿ ಮದರಾಸಿನಿಂದ ಬಂದ ಪ್ರಯಾಣಿಕ ಬೆಂಗಳೂರಿನಲ್ಲಿ ಇಳಿದು ಮೈಸೂರಿನ ಪುಟ್ಟ ರೈಲು ಹಿಡಿಯಬೇಕಿತ್ತು. ಪ್ರತಿಯೊಂದು ಮೂಟೆಯನ್ನೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಈಗ ಆ ಕಾಟವಿಲ್ಲ; 2022ರ ನವೆಂಬರ್‌ನಲ್ಲಿ ಚೆನ್ನೈ-ಮೈಸೂರು ನಡುವೆ ವಂದೇ ಭಾರತ್ ರೈಲೇ ಬಂತು. ಆದರೆ ಬದಲಾವಣೆಗೆ ಬೆಲೆ ತೆತ್ತವರೂ ಇದ್ದರು. 1979ರಲ್ಲಿ ತೆರೆದ ಹಾಸನ-ಮಂಗಳೂರು ಮಾರ್ಗವನ್ನು 1996ರಲ್ಲಿ ಅಗಲೀಕರಣಕ್ಕೆಂದು ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಸಕಲೇಶಪುರದ ಆಚೆಯ ಘಟ್ಟದಲ್ಲಿ ಆ ವೇಳೆಗೆ ಒಂದು ಪೀಳಿಗೆಯ ಮಕ್ಕಳು ರೈಲು ನೋಡದೆ ಶಾಲೆ ಮುಗಿಸಿದ್ದರು. ಖಾಲಿ ಹಳಿ ಮತ್ತು ಸುರಂಗಗಳ ನಡುವೆ ಚಾರಣಿಗರು ನಡೆದಾಡಿ ಹಸಿರು ಸವಿದರು. ಹಂಬಲ ಎಂಬುದು ಊರಿನವನ ಕಷ್ಟದ ಮೇಲೂ ಹೂ ಬಿಡಬಲ್ಲದು!

ಸಾಹಿತ್ಯ, ಚಿತ್ರಗಳೂ ಈ ಹಂಬಲಕ್ಕೆ ನೀರೆರೆದವು. ಮೈಸೂರಿನಲ್ಲಿ ನೆಲೆಸಿದ ಆರ್.ಕೆ. ನಾರಾಯಣ್ ಅವರ ಕಲ್ಪನೆಯಲ್ಲಿ ಮಾಲ್ಗುಡಿ ಮೂಡಿದ್ದೇ ಒಂದು ಪುಟ್ಟ ರೈಲು ನಿಲ್ದಾಣವಾಗಿ. ಶಂಕರ್‌ನಾಗ್ 1980ರ ದಶಕದಲ್ಲಿ ಅದನ್ನು ಕಿರುತೆರೆಗೆ ತಂದಾಗ ಆ ನಿಲ್ದಾಣವಾದದ್ದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಯಿತು. ನಿಜವಾದ ಊರಿನ ನಿಜವಾದ ಸ್ಟೇಷನ್ ಉಳಿದದ್ದು ಇಲ್ಲದ ಊರೊಂದರ ಹೆಸರಿನಿಂದ ಎಂಬುದು ವಿಚಿತ್ರವಾದರೂ ಸತ್ಯ.

ಉಳಿಸಬೇಕಾದದ್ದು ಯಾವುದು?

ಮೈಸೂರಿನಲ್ಲಿ 1979ರಿಂದಲೂ ರೈಲ್ವೆ ಸಂಗ್ರಹಾಲಯವಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಬಂತು. ಮೈಸೂರಿನಲ್ಲಿ 1899ರ ಮಹಾರಾಣಿಯವರ ಸಲೂನ್ ಗಾಡಿಯಿದೆ, ಅಡುಗೆಮನೆಯೂ ಅದರೊಳಗೇ. ಮಕ್ಕಳು ಎಂಜಿನ್ ಹತ್ತಿ ಇಳಿಯುತ್ತಾರೆ, ದೊಡ್ಡವರು ಚಿತ್ರ ತೆಗೆಸಿಕೊಳ್ಳುತ್ತಾರೆ. ಇವೆಲ್ಲ ಬೇಕಾದದ್ದೇ. ಕಬ್ಬಿಣವನ್ನು ಉಳಿಸುವುದು ಸುಲಭ. ಬಣ್ಣ ಬಳಿದು ಚಾವಣಿ ಹಾಕಿದರೆ ಸಾಕು. ಕಸುಬನ್ನು ಉಳಿಸುವುದು ಹೇಗೆ?

ಇಂಗ್ಲೆಂಡಿನವರು ಇದಕ್ಕೊಂದು ದಾರಿ ಕಂಡುಕೊಂಡರು. ವೇಲ್ಸ್ ಪ್ರಾಂತದ ಟಾಲಿಲಿನ್ ಎಂಬ ಪುಟ್ಟ ರೈಲ್ವೆ ಮುಚ್ಚುವ ಹಂತಕ್ಕೆ ಬಂದಾಗ ಹವ್ಯಾಸಿಗಳೇ 1951ರಲ್ಲಿ ಅದನ್ನು ನಡೆಸಲು ಮುಂದಾದರು. ನಂತರ ಇಂಥ ಹಲವು ಮಾರ್ಗಗಳು ಹುಟ್ಟಿಕೊಂಡವು. ಅಲ್ಲಿ ವಾರವಿಡೀ ಕಚೇರಿಯಲ್ಲಿ ಕುಳಿತವರು ರಜೆಯ ದಿನ ಸಲಿಕೆ ಹಿಡಿದು ಉರಿಯ ಮುಂದೆ ನಿಲ್ಲುತ್ತಾರೆ. ನೋಡುತ್ತಿದ್ದವರೇ ದುಡಿಯುವವರಾದಾಗ ಆ ಉರಿಯ ಬಿಸಿ ಎಂಥದ್ದೆಂದು ಅವರಿಗೂ ತಿಳಿಯಿತು, ಹಳಬರ ವಿದ್ಯೆಯೂ ಕೈಯಿಂದ ಕೈಗೆ ದಾಟಿತು. ನಮ್ಮಲ್ಲಿ 1999ರಲ್ಲಿ ಡಾರ್ಜಿಲಿಂಗ್ ರೈಲು, 2005ರಲ್ಲಿ ನೀಲಗಿರಿ ರೈಲು ಯುನೆಸ್ಕೋ ಪಟ್ಟಿ ಸೇರಿದವು. ಅಲ್ಲಿ ಎಂಜಿನ್ ನಡೆಸುವವರು ರೈಲ್ವೆಯ ನೌಕರರೇ. ಮಿಕ್ಕವರು ಕಿಟಕಿಯ ಪಕ್ಕದ ಪ್ರಯಾಣಿಕರು.

ಎಲ್ಲೆಡೆ ಎಂಜಿನ್ ಓಡಿಸಬೇಕೆಂದು ಕೇಳುವುದು ದುಬಾರಿ ಆಸೆಯಾದೀತು. ಆದರೆ ಕಾಸು ಖರ್ಚಿಲ್ಲದ ಕೆಲಸವೊಂದು ಬಾಕಿ ಉಳಿದಿದೆ. 1975ರಲ್ಲಿ 20ರ ಹರೆಯದಲ್ಲಿ ಸಲಿಕೆ ಹಿಡಿದ ಫೈರ್‌ಮ್ಯಾನ್‌ಗೆ ಈಗ 70 ತುಂಬಿದೆ. ಹುಬ್ಬಳ್ಳಿ, ಅರಸೀಕೆರೆ, ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಇಂಥವರು ಇನ್ನೂ ಇದ್ದಾರೆ. ಕೈಮರದ ದೀಪ ಹಚ್ಚಿದವರು, ಮುಂಗಾರಿನ ರಾತ್ರಿ ಲಾಂದ್ರ ಹಿಡಿದು ಹಳಿ ಕಾಯುತ್ತ ನಡೆದ ಗ್ಯಾಂಗ್‌ಮನ್‌ಗಳು, ಗೇಟು ಕಾದವರು, 1974ರ ಮೇ ತಿಂಗಳಲ್ಲಿ ಮನೆಯೊಳಗೆ ಒಲೆ ಹೊತ್ತಿಸುವುದು ಹೇಗೆಂದು ಚಿಂತಿಸಿದ ಅವರ ಹೆಂಡತಿಯರೂ ಇದ್ದಾರೆ. ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಈಗ ಪ್ರತಿ ಮನೆಯ ಹುಡುಗನ ಜೇಬಿನಲ್ಲೂ ಯಂತ್ರವಿದೆ. ಶಾಲೆ, ಕಾಲೇಜುಗಳ ಇತಿಹಾಸ ವಿಭಾಗಗಳು ಮನಸ್ಸು ಮಾಡಿದರೆ ಒಂದೊಂದು ಜಂಕ್ಷನ್ನಿನ ಕತೆಯನ್ನೂ ಸಂಗ್ರಹಿಸಬಹುದು.

ಹಾಗೆ ಸಂಗ್ರಹಿಸಿದಾಗ ನಮ್ಮ ಸವಿನೆನಪು ಕಹಿಯಾಗುತ್ತದೆಯೇ? ಆಗಬೇಕಾಗಿಲ್ಲ. ದುಡಿದವರಿಗೂ ಆ ಎಂಜಿನ್ನಿನ ಮೇಲೆ ಮಮತೆಯಿದೆ. ಆದರೆ ಅದು ಬೆವರಿನ ಲೆಕ್ಕ ಬಲ್ಲ ಮಮತೆ. ಉರಿಯ ಮುಂದೆ ನಿಂತು ನಮ್ಮ ಊರಿಗೆ ಬರಗಾಲದಲ್ಲಿ ಅಕ್ಕಿಯನ್ನೂ, ಮುಂಜಾನೆ ಪತ್ರಿಕೆಯನ್ನೂ, ರಜೆಗೆ ಮೊಮ್ಮಕ್ಕಳನ್ನೂ ತಂದು ಇಳಿಸಿದವರ ಮುಖ ಆ ಹೊಗೆಯ ಮರೆಯಲ್ಲಿ ನಮಗೆ ಕಂಡಿರಲಿಲ್ಲ. ಹೊಗೆ ಈಗ ಸಂಪೂರ್ಣ ತಿಳಿಯಾಗಿದೆ. ಆ ಮುಖಗಳನ್ನು ನೋಡಲು ಉಳಿದಿರುವ ಕಾಲ ಮಾತ್ರ ಹೆಚ್ಚಿಲ್ಲ.